ಮಕ್ಕಳೂ ಬರುವ ಶೋನಲ್ಲಿ ಬಾರ್: ನಾವು ನಡೆಸುವ ರೀತಿ

ಅರಮನೆ ಮೈದಾನದಂಥ ಬಯಲಲ್ಲಿ ಎಲ್ಲ ವಯಸ್ಸಿನವರೂ ಬರುವ ಸಂಗೀತ ಕಾರ್ಯಕ್ರಮಕ್ಕೆ ಬಾರ್ ಇಡುವಾಗ ಗೇಟಿನ ತಪಾಸಣೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಕಾಲೇಜು ಹುಡುಗರು ತಾವೇ ಕೌಂಟರಿಗೆ ಬಂದು ಬಿಯರ್ ಕೇಳುವುದು ಅಪರೂಪ. ಅಣ್ಣನೋ ಸೀನಿಯರೋ ತಂದುಕೊಡುತ್ತಾನೆ.

ಅಬಕಾರಿ ಇಲಾಖೆಯಿಂದ ಕಾರ್ಯಕ್ರಮದ ಮಟ್ಟಿಗೆ ಸಿಎಲ್-5 ಲೈಸೆನ್ಸ್ ತೆಗೆದುಕೊಳ್ಳಬೇಕು. ಮದ್ಯ ಕೊಡಲು ಕನಿಷ್ಠ ವಯಸ್ಸು ಅಬಕಾರಿ ಕಾಯ್ದೆಯಲ್ಲಿ 18 ಎಂದಿದ್ದರೂ 1967ರ ಲೈಸೆನ್ಸ್ ಷರತ್ತುಗಳ ನಿಯಮದಲ್ಲಿ 21 ಎಂದಿದೆ. ನಾವು 21ನ್ನೇ ಹಿಡಿಯುತ್ತೇವೆ. 18ರೊಳಗಿನವರಿಗೆ ಮದ್ಯ ಕೊಟ್ಟವರು ಯಾರೇ ಆಗಲಿ, ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. 'ನನ್ನ ಮಗ, ನಾನೇ ಕೊಡಿಸ್ತೀನಿ' ಎನ್ನುವ ಅಪ್ಪಂದಿರಿಗೆ ಇದನ್ನು ಬೋರ್ಡಿನಲ್ಲೇ ತೋರಿಸಿಬಿಡುವುದು ಸುಲಭ.

ಗುರುತಿನ ಚೀಟಿಯ ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ. ಡಿಜಿಲಾಕರ್ ಆದರೆ ನಮ್ಮೆದುರೇ ತೆರೆಯಬೇಕು. ಹುಟ್ಟಿದ ವರ್ಷ ಮಾತ್ರ ಇರುವ ಹಳೇ ಆಧಾರ್ ತಂದವರು ಗಡಿವಯಸ್ಸಿನವರಾದರೆ ಇನ್ನೊಂದು ದಾಖಲೆ ಕೇಳುತ್ತೇವೆ. 'ಈ ತಾರೀಖಿಗೆ ಮುಂಚೆ ಹುಟ್ಟಿರಬೇಕು' ಎಂದು ದೊಡ್ಡ ಅಕ್ಷರದಲ್ಲಿ ಮೇಜಿಗೆ ಅಂಟಿಸಿ. ನೂಕುನುಗ್ಗಲಿನಲ್ಲಿ ಸಿಬ್ಬಂದಿ ಕಳೆಯುವ ಲೆಕ್ಕ ಹಾಕಿದರೆ ತಪ್ಪೇ ತಪ್ಪುತ್ತದೆ.

21 ಆಗಿದೆ ಎಂದು ಖಚಿತವಾದವರಿಗೆ ಗುರುತಿನ ಕೈಪಟ್ಟಿಯನ್ನು ನಮ್ಮವರೇ ಕಟ್ಟಬೇಕು, ಒಂದು ಬೆರಳು ಮಾತ್ರ ತೂರುವಷ್ಟು ಬಿಗಿಯಾಗಿ. ಅತಿಥಿಯ ಕೈಗೆ ಕೊಟ್ಟರೆ ಸಡಿಲವಾಗಿ ಸುತ್ತಿಕೊಂಡು, ಒಳಗೆ ಜಾರಿಸಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಕೆಂಪು, ಕಿತ್ತಳೆ ಎರಡೂ ಸ್ಟೇಜಿನ ಕೆಂಪು ಬೆಳಕಲ್ಲಿ ಒಂದೇ ಥರ ಕಾಣುವುದರಿಂದ ಬಣ್ಣದ ಜೊತೆ ಪಟ್ಟೆಯೋ ಚುಕ್ಕಿಯೋ ಇರಲಿ.

ಇಷ್ಟಾದರೂ ಕೆಲಸ ಮಾಡುವುದು ಬ್ಯಾರಿಕೇಡ್. ಬಾರನ್ನು ಬೇಲಿಯೊಳಗೆ ಇಟ್ಟು, ಒಳಗೆ ಹೋಗಲು ಒಂದು ದಾರಿ, ಹೊರಬರಲು ಇನ್ನೊಂದು ದಾರಿ ಬಿಡುತ್ತೇವೆ. ಒಳಗೆ ಪಟ್ಟಿ ಕಟ್ಟಿದವರು ಮಾತ್ರ. ಮದ್ಯ ಹೊರಗೆ ಹೋಗಕೂಡದು. ಹೊರಬರುವ ದಾರಿಯಲ್ಲಿ ಒಬ್ಬ ಗಟ್ಟಿ ಆಳು, ಗ್ಲಾಸಿನಲ್ಲಿ ಉಳಿದದ್ದನ್ನು ಸುರಿಯಲು ಒಂದು ಬಕೆಟ್. ಬೇಲಿಯೊಳಗಿಂದ ಸ್ಟೇಜ್ ಕಾಣಲೇಬೇಕು, ಇಲ್ಲದಿದ್ದರೆ ಎಲ್ಲರೂ ಗ್ಲಾಸ್ ಹಿಡಿದು ಹೊರಗೆ ನುಗ್ಗುತ್ತಾರೆ. ಬೇಲಿ ಒಂಟಿಯಾಗಿದ್ದರೆ ಮೇಲಿಂದಲೇ ಗ್ಲಾಸ್ ದಾಟುತ್ತದೆ, ಹಾಗಾಗಿ ಕೈಗೆ ಕೈ ಎಟುಕದಷ್ಟು ಅಂತರದಲ್ಲಿ ಎರಡು ಸಾಲು ಹಾಕಿಸುತ್ತೇವೆ.

ಹೊರಗಿನ ನೀರಿನ ಬಾಟಲಿ ಬಿಡುವುದಿಲ್ಲ, ಅದರಲ್ಲಿ ವೋಡ್ಕಾ ಇದ್ದರೆ ಕಣ್ಣಿಗೆ ತಿಳಿಯದು. ಬದಲಿಗೆ ಒಳಗೆ ನೀರು ಪುಕ್ಕಟೆ.

ಯಾರಾದರೂ ಹುಡುಗ ಕುಡಿದು ಬಿದ್ದಿದ್ದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ವಾಂತಿ ಮಾಡಿಸಲು ಹೋಗಬೇಡಿ. ಎಚ್ಚರವಿಲ್ಲದಿದ್ದರೆ 108, ಆಮೇಲೆ ಮನೆಯವರು.

ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾದ್ದರಿಂದ 9.15ಕ್ಕೆ ಬಾರಿನ ಕೂಪನ್ ಮಾರಾಟ ಬಂದ್. ಉಳಿದ ಕೂಪನ್‌ಗೆ ಹಣ ವಾಪಸ್ ಕೊಡಿ. ಕೊಡದಿದ್ದರೆ ಕೊನೇ ಗಳಿಗೆಯಲ್ಲಿ ಒಬ್ಬೊಬ್ಬರೂ ನಾಲ್ಕು ಬಿಯರ್ ಹಿಡಿದು ಬೇಲಿಯ ಹತ್ತಿರ ನಿಂತಿರುತ್ತಾರೆ.