ಕಡಿಮೆ ಬೆಲೆಯ ವೈರ್‌ಲೆಸ್ ಮೈಕ್ ಕಟ್ ಆಗ್ತಿದ್ರೆ ಹೀಗೆ ಮಾಡಿ
ಮೊಬೈಲ್‌ಗೆ ಸಿಕ್ಕಿಸುವ ಕಾಲರ್ ಮೈಕ್‌ನಲ್ಲಿ ಮಾತು ತುಂಡು ತುಂಡಾಗಿ ಬರುತ್ತಿದ್ದರೆ, ರೆಕಾರ್ಡ್ ಮಾಡುವ ಮೊದಲು ಆ ಮೊಬೈಲ್‌ನ ವೈಫೈ, ಹಾಟ್‌ಸ್ಪಾಟ್, ಬ್ಲೂಟೂತ್ ಮೂರನ್ನೂ ಆಫ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿದರೂ ಕೆಲವು ಫೋನ್‌ಗಳಲ್ಲಿ ವೈಫೈ ಆನ್ ಆಗಿಯೇ ಇರುತ್ತದೆ, ಒಮ್ಮೆ ನೋಡಿಕೊಳ್ಳಿ. ಇಂಥ ಮೈಕ್‌ಗಳು ಹೆಚ್ಚಾಗಿ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ಆವರ್ತನದಲ್ಲಿ. ಬ್ಲೂಟೂತ್ ಇರುವುದೂ, ವೈಫೈ ಹಲವು ಬಾರಿ ಇರುವುದೂ ಅಲ್ಲೇ. ಮೈಕ್‌ನ ಸಿಗ್ನಲ್ ಹಿಡಿಯುವ ರಿಸೀವರ್ ಫೋನಿಗೇ ಅಂಟಿಕೊಂಡಿರುತ್ತದೆ ಅಲ್ವಾ, ಹಾಗಾಗಿ ದೂರದ ರೂಟರ್‌ಗಿಂತ ನಿಮ್ಮ ಫೋನಿನ ಆಂಟೆನಾದ ಕಾಟವೇ ಜಾಸ್ತಿ. ಲೈವ್ ಮಾಡಲು ವೈಫೈ ಬೇಕೇ ಬೇಕು ಅಂದ್ರೆ 5 ಗಿಗಾಹರ್ಟ್ಸ್ ನೆಟ್‌ವರ್ಕ್‌ಗೆ ಸೇರಿಸಿ. ಇನ್ನೊಂದು ಮಾತು: ಮೈಕ್ ಹಾಕಿಕೊಂಡವರು ಕ್ಯಾಮೆರಾಕ್ಕೆ ಬೆನ್ನು ತಿರುಗಿಸದಿರಲಿ. ನಮ್ಮ ಮೈಯಲ್ಲಿರುವ ನೀರು ಈ ಸಿಗ್ನಲನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಸುತ್ತಲೂ ನೂರಾರು ಜನರ ಫೋನ್ ಇರುವ ಸಭೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ, ಅಲ್ಲಿ ವೈರ್ ಮೈಕೇ ವಾಸಿ. ನಿಮ್ಮ ಮೈಕ್ ಬ್ಲೂಟೂತ್ ಮೂಲಕವೇ ಜೋಡಣೆಯಾಗುವಂಥದ್ದಾದರೆ ಬ್ಲೂಟೂತ್ ಆಫ್ ಮಾಡಬೇಡಿ, ಮೈಕೇ ನಿಂತುಹೋಗುತ್ತದೆ. ಯುಹೆಚ್‌ಎಫ್ ಮೈಕ್‌ಗೂ (2.4 ಗಿಗಾಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವ ಮೈಕ್) ಇದರಿಂದ ಪ್ರಯೋಜನ ಇಲ್ಲ. ಅದಕ್ಕೆ ಚಾನೆಲ್ ಬದಲಿಸಿ ನೋಡಿ.