ಎಂಟು ಬಿಟ್ ಚಿಪ್, ಏಳು ತಂತಿ ಗಿಟಾರ್: ನಮ್ಮ ಮೆಟಲ್‌ಕೋರ್ ಆಲ್ಬಮ್ ಕಟ್ಟಿದ ಬಗೆ

ನಮ್ಮ ಆಲ್ಬಮ್ ಪೂರ್ತಿ ಡ್ರಾಪ್ ಎ ಟ್ಯೂನಿಂಗ್‌ನಲ್ಲಿದೆ, ಅಂದರೆ ಅತಿ ದಪ್ಪ ತಂತಿಯನ್ನು ಎ ಸ್ವರಕ್ಕೆ ಇಳಿಸಿದ್ದೇವೆ. ಮೆಟಲ್‌ಕೋರ್ (ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಸಂಗೀತ) ಅಂದಮೇಲೆ ಗಿಟಾರ್ ಕೆಳಗಿಳಿಸುವುದು ಮಾಮೂಲಿ. ಆದರೆ ಬೇರೆ ಸ್ವರಗಳನ್ನೆಲ್ಲ ಬಿಟ್ಟು ಎ ಸ್ವರವನ್ನೇ ಹಿಡಿದದ್ದಕ್ಕೆ ಕಾರಣ ಒಂದು ಚಿಪ್. ನಿಂಟೆಂಡೊದ ಹಳೆಯ ಎಂಟು ಬಿಟ್ ಯಂತ್ರದಲ್ಲಿದ್ದ ರಿಕೊ 2ಎ03 ಅದು. ತೊಂಬತ್ತರ ದಶಕದಲ್ಲಿ ‘ಟಿವಿ ಗೇಮ್’ ಅಂತ ನಮ್ಮ ಮನೆಗಳಿಗೆ ಬಂದದ್ದು ಆ ಯಂತ್ರದ ನಕಲುಗಳೇ. ಚಿಪ್‌ನಲ್ಲಿ ಸದ್ದು ಹುಟ್ಟಿಸುವ ದಾರಿಗಳಲ್ಲಿ ಒಂದಾದ ಪಲ್ಸ್ ಚಾನೆಲ್ ಇಳಿಯಬಹುದಾದ ಕಟ್ಟಕಡೆಯ ಸ್ವರ ಸುಮಾರು 54.6 ಹರ್ಟ್ಜ್. ಏಳು ತಂತಿ ಗಿಟಾರನ್ನು ಡ್ರಾಪ್ ಎಗೆ ಇಳಿಸಿದರೆ ದಪ್ಪ ತಂತಿ ನಿಲ್ಲುವುದು 55 ಹರ್ಟ್ಜ್‌ಗೆ. ಚಿಪ್‌ನ ಟ್ರಯಾಂಗಲ್ ಚಾನೆಲ್ ಇನ್ನೊಂದು ಸಪ್ತಕ ಕೆಳಗೆ, 27.3ರವರೆಗೆ ಹೋಗುತ್ತದೆ. ಐದು ತಂತಿ ಬೇಸ್ ಗಿಟಾರನ್ನು ಹಾಗೇ ಇಳಿಸಿದರೆ ಅದರ ತಳ 27.5. ಎರಡು ಬೇರೆ ಲೋಕಗಳ ನೆಲ ಒಂದೇ ಮಟ್ಟದಲ್ಲಿದೆ ಅಂತ ಗೊತ್ತಾದ ಮೇಲೆ ಟ್ಯೂನಿಂಗ್ ಬಗ್ಗೆ ಬ್ಯಾಂಡಿನಲ್ಲಿ ಚರ್ಚೆಯೇ ನಡೆಯಲಿಲ್ಲ.

ಗೇಮ್ ಸದ್ದನ್ನೂ ಅರಚುವ ಸಂಗೀತವನ್ನೂ ಬೆರೆಸಿದವರಲ್ಲಿ ನಾವೇ ಮೊದಲಿಗರಲ್ಲ. ಕ್ಯಾಲಿಫೋರ್ನಿಯಾದ ಹಾರ್ಸ್ ದಿ ಬ್ಯಾಂಡ್ ಎರಡು ದಶಕದ ಹಿಂದೆಯೇ ಈ ದಾರಿ ತುಳಿದಿತ್ತು. ‘ನಿಂಟೆಂಡೊಕೋರ್’ ಅನ್ನುವ ಹೆಸರು ಅವರ ಜೊತೆಗೇ ಅಂಟಿಕೊಂಡಿದೆ. 2016ರ ಡೂಮ್ ಗೇಮ್‌ಗೆ ಸಂಗೀತ ಕೊಟ್ಟ ಮಿಕ್ ಗೋರ್ಡನ್ ಸರಳವಾದ ಸೈನ್ ತರಂಗವನ್ನು ಸಾಲುಸಾಲು ಡಿಸ್ಟಾರ್ಷನ್‌ಗಳ (ಸದ್ದನ್ನು ಒರಟಾಗಿಸುವ ಸಾಧನಗಳ) ಮೂಲಕ ಹಾಯಿಸಿ, ಗಿಟಾರಿಗಿಂತ ಭಾರವಾದ ಸದ್ದು ತೆಗೆದರು. ಅದೇ ಗೋರ್ಡನ್ 2020ರಲ್ಲಿ ಬ್ರಿಂಗ್ ಮಿ ದಿ ಹೊರೈಜ಼ನ್ ತಂಡದ ಜೊತೆ ಕೆಲಸ ಮಾಡಿದರು. ಆ ರೆಕಾರ್ಡಿನ ಹೆಸರಿನಲ್ಲೇ ‘ಸರ್ವೈವಲ್ ಹಾರರ್’ ಅನ್ನುವ ಗೇಮ್ ಪ್ರಕಾರ ಇದೆ. ಇವರೆಲ್ಲರಿಂದ ನಾನು ತೆಗೆದುಕೊಂಡದ್ದು ಒಂದೇ: ಗೇಮ್ ಅನ್ನುವುದು ಹಾಡಿನ ಎಲುಬಾಗಬೇಕು. ಮುನ್ನುಡಿಗೆ ನಾಲ್ಕು ಸೆಕೆಂಡ್ ಟಿಣಿಟಿಣಿ ಹಾಕಿ ಆಮೇಲೆ ಎಂದಿನ ರಿಫ್‌ಗೆ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿಗೆ) ಮರಳುವುದು ನನಗೆ ಒಗ್ಗುವುದಿಲ್ಲ.

ಹಾಗಾಗಿ ಪ್ರತಿ ಹಾಡನ್ನೂ ಮೊದಲು ಫ್ಯಾಮಿಟ್ರ್ಯಾಕರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಬರೆದೆ. ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್. ಎರಡು ಗಿಟಾರ್, ಬೇಸ್, ಡ್ರಮ್ಸ್ ಅಂತ ಲೆಕ್ಕ ಹಾಕಿದರೆ ಇದು ನಮ್ಮ ಬ್ಯಾಂಡೇ. ಈ ನಾಲ್ಕು ಬಡಕಲು ಸದ್ದುಗಳಲ್ಲಿ ರಿಫ್ ನಿಂತರೆ ಮಾತ್ರ ಅಭ್ಯಾಸದ ಕೋಣೆಗೆ. ನಿಲ್ಲದಿದ್ದರೆ ಅಲ್ಲೇ ಬಿಟ್ಟೆವು. ದೊಡ್ಡ ಆಂಪ್ ಹಿಂದೆ ಸಪ್ಪೆ ರಿಫ್ ಕೂಡ ಅಡಗಿಕೊಳ್ಳುತ್ತದೆ, ಚಿಪ್ ಮುಂದೆ ಅಡಗಲು ಜಾಗ ಇಲ್ಲ.

ಚಿಪ್‌ನ ಮಿತಿಗಳು ಬ್ಯಾಂಡಿನ ಕೈಗೂ ಇಳಿದವು. ಟ್ರಯಾಂಗಲ್ ಚಾನೆಲ್‌ಗೆ ವಾಲ್ಯೂಮ್ ಹಿಡಿತವೇ ಇಲ್ಲ. ಒಂದೋ ನುಡಿಯುತ್ತದೆ, ಇಲ್ಲವೋ ಸುಮ್ಮನಿರುತ್ತದೆ. ನಮ್ಮ ಬೇಸ್ ವಾದಕ ಅದನ್ನೇ ನಿಯಮ ಮಾಡಿಕೊಂಡ. ಸ್ವರವನ್ನು ತಾನಾಗಿ ಸಾಯಲು ಬಿಡದೆ ಅಂಗೈಯಿಂದ ಕತ್ತರಿಸಿದ, ಸಣ್ಣ ಸದ್ದನ್ನು ತಡೆಯುವ ಗೇಟನ್ನು ಬಿಗಿಯಾಗಿ ಇಟ್ಟ. ಆಲ್ಬಮ್‌ನ ಬಿಗಿ ಬಂದದ್ದು ಮುಖ್ಯವಾಗಿ ಅಲ್ಲಿಂದಲೇ ಅಂತ ನಾನು ನಂಬುತ್ತೇನೆ.

ಮಿಕ್ಸಿಂಗ್ ಮಾತ್ರ ಕಷ್ಟದ ಕೆಲಸ. ಡಿಸ್ಟಾರ್ಷನ್ ಹಾಕಿದ ಗಿಟಾರೂ ಶೇ 50ರ, ಅಂದರೆ ಪ್ರತಿ ಸುತ್ತಿನ ಅರ್ಧ ಕಾಲ ಮೇಲಿರುವ, ಪಲ್ಸ್ ತರಂಗವೂ ಹಾರ್ಮೋನಿಕ್‌ಗಳಿಂದ (ಮೂಲ ಸ್ವರದ ಮೇಲೆ ಹುಟ್ಟುವ ಉಪಸ್ವರಗಳಿಂದ) ತುಂಬಿ ತುಳುಕುವಂಥವು. ಒಂದೇ ಸಪ್ತಕದಲ್ಲಿಟ್ಟರೆ ಎರಡೂ ಕೇಳುವುದಿಲ್ಲ. ಪಲ್ಸನ್ನು ಶೇ 12.5ರ ತೆಳು, ಮೂಗಿನ ಸ್ವರಕ್ಕೆ ತಂದು ಎರಡು ಸಪ್ತಕ ಮೇಲಕ್ಕೆ ಕಳಿಸಿದಾಗ ದಾರಿ ಸಿಕ್ಕಿತು. ಆದರೆ ಮೇಲೆ ಹೋದಷ್ಟೂ ಚಿಪ್ ಶ್ರುತಿ ತಪ್ಪುತ್ತದೆ. ತನ್ನೊಳಗಿನ ಗಡಿಯಾರದ ಮಿಡಿತವನ್ನು ಪೂರ್ಣಸಂಖ್ಯೆಯಿಂದ ಭಾಗಿಸಿ ಅದು ಸ್ವರ ಹುಟ್ಟಿಸುವುದರಿಂದ ಎತ್ತರದ ಸ್ವರಗಳ ನಡುವೆ ದೊಡ್ಡ ಸಂದು ಬೀಳುತ್ತದೆ. ನಮಗೆ 1760 ಹರ್ಟ್ಜ್‌ನ ಎ ಬೇಕಿತ್ತು. ಚಿಪ್ ಕೊಡುವುದು ಸುಮಾರು 1748 ಅಥವಾ 1776, ನಡುವೆ ಏನೂ ಇಲ್ಲ. ಕಂಪ್ಯೂಟರ್‌ನಲ್ಲಿ ಸರಿಪಡಿಸಬಹುದಿತ್ತು, ಸರಿಪಡಿಸಿದರೆ ಅದರ ಮುಖವೇ ಹೋಗುತ್ತದೆ. 1776ನ್ನೇ ಉಳಿಸಿಕೊಂಡೆವು. ಲೀಡ್ ಗಿಟಾರ್ ಒಂದು ಸಪ್ತಕ ಕೆಳಗೆ, ಮೇಲಿನ ತಂತಿಯ 17ನೇ ಫ್ರೆಟ್‌ನಲ್ಲಿ ಕೂದಲೆಳೆಯಷ್ಟು ಬೆಂಡ್ ಮಾಡಿ ಚಿಪ್‌ಗೆ ಹೊಂದಿಕೊಳ್ಳುತ್ತದೆ. ಮೂರನೇ ಹಾಡಿನ ಕೊನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿ, ಆ ಬೆಂಡ್ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಕಾಂಟ್ರಾ ಆಡಿದವರಿಗೆಲ್ಲ ಮೂವತ್ತು ಜೀವ ಕೊಡುವ ಕೋಡ್ ಬಾಯಿಪಾಠ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಹತ್ತು ಒತ್ತು. ಇದನ್ನು ನಾವು ರಿಫ್ ಮಾಡಿದೆವು. ‘ಮೇಲೆ’ ಬಂದಲ್ಲಿ ಒಂದು ಸಪ್ತಕ ಮೇಲಿನ ಎ, ‘ಕೆಳಗೆ’ ಬಂದಲ್ಲಿ ಖಾಲಿ ತಂತಿಯ ಪಾಮ್ ಮ್ಯೂಟ್ (ಅಂಗೈ ಒತ್ತಿ ಮಂದಗೊಳಿಸಿದ ಏಟು). ‘ಎಡ’ಕ್ಕೆ ಎಡ ಸ್ಪೀಕರಿನ ಗಿಟಾರ್ ಒಂದೇ ಹೊಡೆಯುತ್ತದೆ, ‘ಬಲ’ಕ್ಕೆ ಬಲದ್ದು. ಕೊನೆಯ ಎರಡಕ್ಕೆ ಬಿ ಮತ್ತು ಎ ಸ್ವರಗಳೇ ಇವೆಯಲ್ಲ! ಹತ್ತು ಎಂಟನೇ-ನೋಟ್‌ಗಳ ಈ ರಿಫ್ ಸುತ್ತುತ್ತಿರುವಾಗ ಡ್ರಮ್ಮರ್ 4/4ರಲ್ಲೇ ಅಲುಗಾಡದೆ ನಿಲ್ಲುತ್ತಾನೆ. ಐದು ಬಾರ್ ಮುಗಿದಾಗ, ರಿಫ್ ನಾಲ್ಕು ಸುತ್ತು ಪೂರೈಸಿ ಇಬ್ಬರೂ ಸಮಕ್ಕೆ ಬಂದು ಸೇರುತ್ತಾರೆ. ಅಲ್ಲೇ ಬ್ರೇಕ್‌ಡೌನ್, ಅಂದರೆ ಹಾಡು ನಿಧಾನವಾಗಿ ಭಾರವಾಗುವ ಭಾಗ. ಶೋಗಳಲ್ಲಿ ಈ ರಿಫ್ ಶುರುವಾದ ಕೂಡಲೇ ಮುಂದಿನ ಸಾಲಿನವರು ಗಾಳಿಯಲ್ಲಿ ಹೆಬ್ಬೆರಳು ಆಡಿಸುವುದನ್ನು ನೋಡಿದ್ದೇನೆ. ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಬೇಡ.

ಇನ್ನೊಂದು ಹಾಡು 1978ರ ಸ್ಪೇಸ್ ಇನ್‌ವೇಡರ್ಸ್‌ಗೆ ಋಣಿ. ಅದರಲ್ಲಿ ಕೆಳಕ್ಕಿಳಿಯುವ ನಾಲ್ಕೇ ಸ್ವರ ಸುತ್ತುತ್ತವೆ, ಶತ್ರುಗಳು ಕಡಿಮೆಯಾದಂತೆ ವೇಗ ಏರುತ್ತದೆ. ಬ್ರೇಕ್‌ಡೌನ್ ಅಂದರೆ ನಿಧಾನವಾಗುವುದು ಅನ್ನುವುದು ನಮ್ಮ ಪ್ರಕಾರದ ಕಟ್ಟಳೆ. ನಾವು ಈ ಹಾಡಿನಲ್ಲಿ ಅದನ್ನು ತಿರುಗಿಸಿ, ಬ್ರೇಕ್‌ಡೌನ್ ಉದ್ದಕ್ಕೂ ವೇಗ ಏರಿಸಿದೆವು.

ಕಾಮಿಕ್ಸ್ ಕಲಿಸಿದ್ದು ಬೇರೆ ಪಾಠ. ಬಾಲಮಂಗಳದ ಡಿಂಗನಿಗಾಗಿ ವಾರಗಟ್ಟಲೆ ಕಾದವನು ನಾನು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥೆಗಳ ರಾಶಿಯೂ ಮನೆಯಲ್ಲಿತ್ತು. ಈಗ ಅವನ್ನು ತೆರೆದಾಗ ಕಣ್ಣು ಹೋಗುವುದು ಚಿತ್ರಗಳ ನಡುವಿನ ಬಿಳಿ ಪಟ್ಟಿಗೆ. ಒಂದು ಚೌಕದಲ್ಲಿ ಕತ್ತಿ ಎತ್ತಿದ್ದಾನೆ, ಮುಂದಿನದರಲ್ಲಿ ರಾಕ್ಷಸ ಬಿದ್ದಿದ್ದಾನೆ. ಏಟು ಬಿದ್ದದ್ದು ಓದುವವರ ತಲೆಯೊಳಗೆ. ಬ್ರೇಕ್‌ಡೌನ್‌ಗೆ ಮುಂಚಿನ ಮೌನವನ್ನು ನಾವು ಹೀಗೆ ಬರೆದೆವು: ರಿವರ್ಬ್ ಬಾಲವನ್ನೂ (ಉಳಿಯುವ ಮಾರ್ದನಿಯನ್ನೂ) ಕತ್ತರಿಸಿ, ಪೂರ್ತಿ ಖಾಲಿ. ಎಷ್ಟು ಉದ್ದ ಅನ್ನುವುದನ್ನು ಕಿವಿಯಿಂದಲೇ ನಿರ್ಧರಿಸಿದೆವು, ಎರಡು ಬೀಟ್ ದಾಟಿದರೆ ಕೇಳುಗ ಕೈಬಿಟ್ಟುಹೋಗುತ್ತಾನೆ.

ಹಾಡುಗಳ ಕಥೆ ನಮ್ಮದೇ. ಬೆಂಗಳೂರಿನ ಗೇಮ್ ಪಾರ್ಲರೊಂದರ ಯಂತ್ರದೊಳಗೆ ಸಿಕ್ಕಿಬಿದ್ದ ಹುಡುಗಿ, ಒಂದೊಂದು ಹಾಡು ಒಂದೊಂದು ಲೆವೆಲ್. ಹಳೆ ಗೇಮ್‌ಗಳ ಒಂದು ಸದ್ದನ್ನೂ ಎತ್ತಿಕೊಳ್ಳಲಿಲ್ಲ, ಯಾವ ಪಾತ್ರವನ್ನೂ ಎರವಲು ಪಡೆಯಲಿಲ್ಲ. ಹಕ್ಕುಗಳ ತಲೆನೋವು ಒಂದು ಕಡೆ, ನಮ್ಮ ಲೋಕ ನಮ್ಮದೇ ಇರಲಿ ಅನ್ನುವ ಆಸೆ ಇನ್ನೊಂದು ಕಡೆ. ಸಾಹಿತ್ಯ ಕನ್ನಡದಲ್ಲಿದೆ. ನಮ್ಮ ಪದಗಳು ಬಹುಪಾಲು ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಸ್ಕ್ರೀಮ್ ಎಳೆಯಲು ಉಸಿರಿಗೆ ಜಾಗ ಸಿಗುತ್ತದೆ. ಗುಂಪಿನಲ್ಲಿ ಕೂಗುವ ಭಾಗಗಳಿಗೆ ಕಾಮಿಕ್ಸ್ ಸದ್ದುಗಳನ್ನೇ ಇಟ್ಟೆವು: ಧಡ್, ಧಡಾರ್, ಛಟ್, ಛಟೀರ್. ಸ್ನೇರ್ ಡ್ರಮ್ಮಿನ ಏಟಿನ ಮೇಲೆ ಸರಿಯಾಗಿ ಕೂರುತ್ತವೆ. ಜೊತೆಗಿರುವ ಪುಸ್ತಿಕೆಯಲ್ಲಿ ಸಾಹಿತ್ಯವೆಲ್ಲ ಮಾತಿನ ಬಲೂನುಗಳಲ್ಲಿದೆ. ಬಲೂನಿನಲ್ಲಿ ಹಿಡಿಸದ ಸಾಲನ್ನು ಚಿತ್ರಕಾರ ಗೆಳತಿ ನಿರ್ದಾಕ್ಷಿಣ್ಯವಾಗಿ ವಾಪಸ್ ಕಳಿಸುತ್ತಿದ್ದಳು, ಮೊಟಕಾಗಿ ಬಂದ ಸಾಲು ಪ್ರತಿ ಸಲವೂ ಮೊದಲಿನದಕ್ಕಿಂತ ಚೆನ್ನಾಗಿರುತ್ತಿತ್ತು.

ಇಂಥದ್ದನ್ನು ವೇದಿಕೆಗೆ ಒಯ್ಯುವವರಿಗೆ ಒಂದು ಮಾತು. 27.5 ಹರ್ಟ್ಜ್‌ನ ಟ್ರಯಾಂಗಲ್ ಸ್ಟುಡಿಯೊದಲ್ಲಿ ಎದೆ ನಡುಗಿಸುತ್ತದೆ, ಪಬ್‌ನ ಸಬ್ ವೂಫರ್‌ಗಳಲ್ಲಿ ಬಹುತೇಕ ಮಾಯವಾಗುತ್ತದೆ. ಲೈವ್‌ಗೆಂದೇ ಟ್ರಯಾಂಗಲನ್ನು ಒಂದು ಸಪ್ತಕ ಮೇಲೆತ್ತಿದ ಬೇರೆ ಬ್ಯಾಕಿಂಗ್ ಟ್ರ್ಯಾಕ್ ಮಾಡಿಟ್ಟುಕೊಳ್ಳಿ. ಚಿಪ್ ಒಂದು ಲೈನಿನಲ್ಲಿ, ಡ್ರಮ್ಮರ್‌ಗೆ ತಾಳ ತೋರಿಸುವ ಕ್ಲಿಕ್ ಇನ್ನೊಂದರಲ್ಲಿ ಬರಲಿ. ಸೌಂಡ್ ಚೆಕ್‌ಗೆ ಹತ್ತೇ ನಿಮಿಷ ಸಿಕ್ಕರೆ ಮೊದಲು ಚಿಪ್ ಮತ್ತು ಸ್ನೇರ್ ಎರಡನ್ನೇ ಕೇಳಿಸಿಕೊಳ್ಳಿ. ಗಿಟಾರ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ.