ಮಾರ್ಮನ್ ಗ್ರಂಥದ ಮುದ್ರಣಗಳನ್ನು ಹೋಲಿಸಿ ಓದುವ ಕ್ರಮ

ಮಾರ್ಮನ್ ಚರ್ಚು ಬೈಬಲಿನ ಜೊತೆಗೆ ಪವಿತ್ರವೆಂದು ನಂಬುವ ಮಾರ್ಮನ್ ಗ್ರಂಥದ ಬಗ್ಗೆ ವಾದಕ್ಕಿಳಿಯುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ. ಮುದ್ರಿತ ಪಾಠವು 1830ರಿಂದ ಈಚೆಗೆ ಹೇಗೆ ಬದಲಾಯಿತು ಎಂಬುದು ಒಂದು ಪ್ರಶ್ನೆ. ಅದು ಪ್ರಾಚೀನ ಅಮೆರಿಕದ ಜನರು ಚಿನ್ನದ ತಗಡುಗಳ ಮೇಲೆ ಬರೆದಿಟ್ಟು, ಆ ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್ ಅನುವಾದಿಸಿದ ಚರಿತ್ರೆಯೋ, ಅವನೇ ರಚಿಸಿದ 19ನೆಯ ಶತಮಾನದ ಕೃತಿಯೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ಗ್ರಂಥದ ಹೊರಗಿನ ಸಾಕ್ಷ್ಯ ಬೇಕು. ಹಾಗಾಗಿ ಇವೆರಡನ್ನೂ ಬೇರೆ ಬೇರೆ ಪುಟಗಳಲ್ಲಿ ಟಿಪ್ಪಣಿ ಮಾಡಿಕೊಳ್ಳುವುದು ಲೇಸು.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಮುದ್ರಣವೆಂದು ಗುರುತಿಸಿಕೊಳ್ಳಿ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾದಲ್ಲಿ 1830ರಲ್ಲಿ 5000 ಪ್ರತಿಗಳಾಗಿ ಅಚ್ಚಾದ ಮೊದಲ ಮುದ್ರಣದಲ್ಲಿ ವಚನಸಂಖ್ಯೆಗಳೇ ಇಲ್ಲ, ಅಧ್ಯಾಯಗಳೂ ಉದ್ದ. ಹಸ್ತಪ್ರತಿಯಲ್ಲಿ ವಿರಾಮಚಿಹ್ನೆಗಳು ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಅವುಗಳನ್ನು ಹಾಕಿದವನು ಅಚ್ಚುಮೊಳೆ ಜೋಡಿಸುತ್ತಿದ್ದ ಜಾನ್ ಗಿಲ್ಬರ್ಟ್. ಅಲ್ಪವಿರಾಮದ ಮೇಲೆ ಸಿದ್ಧಾಂತ ಕಟ್ಟುವವರು ಇದನ್ನು ನೆನಪಿಡಬೇಕು. ಈಗಿನ ಅಧ್ಯಾಯ ಮತ್ತು ವಚನಗಳ ವಿಂಗಡಣೆ 1879ರಲ್ಲಿ ಚರ್ಚಿನ ಮುಖಂಡ ಆರ್ಸನ್ ಪ್ರಾಟ್ ಮಾಡಿದ್ದು, ಎರಡು ಅಂಕಣಗಳ ಪುಟ 1920ರ ಮುದ್ರಣದ್ದು.

ಈ ವ್ಯತ್ಯಾಸ ತಿಳಿಯದಿದ್ದರೆ ಹೋಲಿಕೆ ಆರಂಭದಲ್ಲೇ ತಪ್ಪುತ್ತದೆ. ಉದಾಹರಣೆಗೆ, ಇಂದಿನ ಪುಸ್ತಕದಲ್ಲಿ ಒಂದನೆಯ ನೆಫೈ 11:18 (ಗ್ರಂಥದ ಮೊದಲ ಭಾಗ, 11ನೆಯ ಅಧ್ಯಾಯದ 18ನೆಯ ವಚನ) ಎಂದು ಗುರುತಿಸುವ ಮಾತು 1830ರ ಪ್ರತಿಯಲ್ಲಿ ಆ ಭಾಗದ ಮೂರನೆಯ ಅಧ್ಯಾಯದೊಳಗೆ ಬರುತ್ತದೆ. ಅಲ್ಲಿ ಕನ್ಯೆಯನ್ನು, ಅಂದರೆ ಯೇಸುವಿನ ತಾಯಿಯನ್ನು, ‘ದೇವರ ತಾಯಿ’ ಎಂದು ಕರೆದಿದೆ. 1837ರಲ್ಲಿ ಒಹಾಯೋದ ಕರ್ಟ್‌ಲೆಂಡ್‌ನಲ್ಲಿ ಹೊರಬಂದ ಎರಡನೆಯ ಮುದ್ರಣದಲ್ಲಿ ಅದೇ ಮಾತು ‘ದೇವಪುತ್ರನ ತಾಯಿ’ ಎಂದಾಯಿತು. ಆ ಮುದ್ರಣಕ್ಕೆ ಸ್ಮಿತ್ ತಾನೇ ಮಾಡಿದ ತಿದ್ದುಪಡಿಗಳಲ್ಲಿ ಬಹುಪಾಲು ವ್ಯಾಕರಣದವು. ಈ ಸಾಲಿನಲ್ಲಾದರೋ ಅರ್ಥವೇ ಹೊರಳಿರುವುದರಿಂದ ಇದನ್ನು ಕಾಗುಣಿತದ ತಿದ್ದುಪಡಿಗಳ ಜೊತೆ ಸೇರಿಸಿ ಎಣಿಸುವುದು ನ್ಯಾಯವಲ್ಲ. ‘ಸಾವಿರಾರು ಬದಲಾವಣೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವು ಯಾವ ಬಗೆಯವು ಎಂದು ಕೇಳಿ.

ಎರಡನೆಯ ನೆಫೈ 30:6ರ ಕಥೆ ಇನ್ನೂ ಸ್ವಾರಸ್ಯದ್ದು. ‘ಬಿಳಿಯ’ ಜನಾಂಗ ಎಂದಿದ್ದುದನ್ನು 1840ರ ಮುದ್ರಣ ‘ಶುದ್ಧ’ ಎಂದು ತಿದ್ದಿತು. ಆದರೆ ಮುಂದಿನ ಮುದ್ರಣಗಳು 1837ರ ಪಾಠವನ್ನು ಅನುಸರಿಸಿದ 1841ರ ಲಿವರ್‌ಪೂಲ್ ಪ್ರತಿಯಿಂದ ಬೆಳೆದುಬಂದ ಕಾರಣ ಹಳೆಯ ಪದವೇ ಉಳಿದು, 1981ರಲ್ಲಷ್ಟೇ ‘ಶುದ್ಧ’ ಮರಳಿ ಬಂತು. ಓಲೆಗರಿಗಳ ಪಾಠಾಂತರ ನೋಡಿದವರಿಗೆ ಇಂಥ ಪರಂಪರೆ ಹೊಸದೇನಲ್ಲ. ಹಸ್ತಪ್ರತಿಗಳವರೆಗೂ ಹೋಗಬಯಸುವವರು ರಾಯಲ್ ಸ್ಕೌಸೆನ್ ಸಂಪಾದಿಸಿ ಯೇಲ್ ವಿಶ್ವವಿದ್ಯಾಲಯ 2009ರಲ್ಲಿ ಪ್ರಕಟಿಸಿದ ಪಾಠವನ್ನು ನೋಡಬಹುದು; ಸ್ಮಿತ್ ಬಾಯಿಂದ ಹೇಳಿ ಬರೆಸಿದ ಮೂಲ ಹಸ್ತಪ್ರತಿಯಲ್ಲಿ ಉಳಿದಿರುವುದು ಸುಮಾರು ಶೇ. 28 ಮಾತ್ರ.

ಈಗ ಎರಡನೆಯ ಪುಟಕ್ಕೆ, ಅಂದರೆ ಗ್ರಂಥದ ಮೂಲದ ಪ್ರಶ್ನೆಗೆ, ಬನ್ನಿ. ಇಲ್ಲಿ ನನ್ನ ಸಲಹೆ ಬೈಬಲಿನ ಪ್ರವಾದಿ ಯೆಶಾಯನಿಂದ ಆರಂಭಿಸಿ ಎಂಬುದು. ಎರಡನೆಯ ನೆಫೈ 12ರಿಂದ 24ರವರೆಗಿನ ಅಧ್ಯಾಯಗಳನ್ನು 1611ರ ಇಂಗ್ಲಿಷ್ ಬೈಬಲಿನ ಯೆಶಾಯ 2ರಿಂದ 14ರ ಪಕ್ಕದಲ್ಲಿಟ್ಟರೆ ಸಾಲುಸಾಲೇ ಹೊಂದುತ್ತದೆ. ಒಂದನೆಯ ನೆಫೈ 20 ಮತ್ತು 21ರಲ್ಲಿ ಯೆಶಾಯ 48 ಮತ್ತು 49 ಬರುತ್ತವೆ. ಬಹುಪಾಲು ಬೈಬಲ್ ವಿದ್ವಾಂಸರ ಪ್ರಕಾರ ಅವು ಬಾಬಿಲೋನಿನ ಸೆರೆವಾಸದ ಕಾಲದವು, ಗ್ರಂಥದ ಪ್ರಕಾರವಾದರೋ ಅಮೆರಿಕಕ್ಕೆ ಬಂದ ಲೇಹಿಯ ಕುಟುಂಬ ಅದಕ್ಕೂ ಮೊದಲೇ, ಸುಮಾರು ಕ್ರಿ.ಪೂ. 600ರಲ್ಲಿ, ಜೆರುಸಲೇಮನ್ನು ಬಿಟ್ಟಿತ್ತು. ಗ್ರಂಥ ಹೇಳುವ ಕುದುರೆ, ಉಕ್ಕುಗಳು ಆ ಕಾಲದ ಅಮೆರಿಕದಲ್ಲಿ ಇರಲಿಲ್ಲವೆಂಬ ಆಕ್ಷೇಪಣೆ ಹೆಚ್ಚು ಪ್ರಸಿದ್ಧ, ಆದರೆ ‘ಕುದುರೆ ಎಂದರೆ ಬೇರೆ ಪ್ರಾಣಿಯಿರಬಹುದು’ ಎಂಬ ಸಮಾಧಾನ ಅದಕ್ಕೆ ಸಿದ್ಧವಾಗಿದೆ. ಯೆಶಾಯನ ತೊಡಕಿಗೆ ಅಷ್ಟು ಸುಲಭದ ಉತ್ತರ ನನಗೆ ಕಂಡಿಲ್ಲ.

ಸಮರ್ಥಕರ ಪ್ರಬಲ ಸಾಕ್ಷ್ಯವನ್ನೂ ಅಷ್ಟೇ ಶ್ರದ್ಧೆಯಿಂದ ತೂಗಿ ನೋಡಿ. ಯೆಮೆನ್‌ನ ಮಾರಿಬ್‌ನಲ್ಲಿ ದೊರೆತ ಪ್ರಾಚೀನ ಬಲಿಪೀಠಗಳ ಮೇಲಿನ ‘ನ-ಹ-ಮ’ ಎಂಬ ವ್ಯಂಜನಗಳು ಗ್ರಂಥದ ‘ನಾಹೊಮ್’ ಎಂಬ ಸ್ಥಳಕ್ಕೆ ಹೊಂದುತ್ತವೆ ಎಂಬುದು ಅವರ ವಾದ. ಸ್ವರಗಳು ಬರೆಯಲ್ಪಟ್ಟಿಲ್ಲ, ಅದೇ ಬಗೆಯ ಹೆಸರು 18ನೆಯ ಶತಮಾನದ ಯುರೋಪಿನ ಭೂಪಟಗಳಲ್ಲೂ ಇತ್ತು ಎಂಬುದು ವಿರೋಧಿಗಳ ಉತ್ತರ. ಅಮೆರಿಕದ ಮೂಲನಿವಾಸಿಗಳ ವಂಶಮೂಲದ ಬಗೆಗಿನ ತಳಿವಿಜ್ಞಾನದ ಚರ್ಚೆಗೆ ಬಂದಾಗ ಗ್ರಂಥದ ಪಾಠ ಯಾವುದು, ಪೀಠಿಕೆ ಯಾವುದು ಎಂದು ಬೇರ್ಪಡಿಸಿ: ಲೇಮನೈಟರು (ಗ್ರಂಥದ ಕಥೆಯ ಒಂದು ಜನಾಂಗ) ಅಮೆರಿಕದ ಮೂಲನಿವಾಸಿಗಳ ‘ಪ್ರಧಾನ ಪೂರ್ವಜರು’ ಎಂಬ ಮಾತು 1981ರ ಪೀಠಿಕೆಯದು, ನಂತರದ ಮುದ್ರಣಗಳಲ್ಲಿ ಅದು ‘ಪೂರ್ವಜರಲ್ಲಿ ಸೇರಿದವರು’ ಎಂದಾಗಿದೆ.

ಚಿನ್ನದ ತಗಡುಗಳು ಪರೀಕ್ಷೆಗೆ ಸಿಗುವುದಿಲ್ಲ. ಸ್ಮಿತ್‌ನ ಇನ್ನೊಂದು ಅನುವಾದವೆನಿಸಿದ ಅಬ್ರಹಾಮನ ಗ್ರಂಥದ ವಿಷಯ ಹಾಗಲ್ಲ. ಅದರ ಮೂಲವೆನಿಸಿ ಅವನ ಬಳಿಯಿದ್ದ ಪಪೈರಸ್ ಸುರುಳಿಗಳ ಕೆಲವು ಚೂರುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದ್ದು 1967ರಲ್ಲಿ ಚರ್ಚಿನ ಕೈಸೇರಿದವು. ಈಜಿಪ್ಟಿನ ಲಿಪಿ ಬಲ್ಲವರು ಅವುಗಳಲ್ಲಿ ಓದಿದ್ದು ಶವಸಂಸ್ಕಾರದ ಪಠ್ಯಗಳನ್ನು. ಆ ಚೂರುಗಳ ಅಕ್ಷರಗಳು ಅಬ್ರಹಾಮನ ಗ್ರಂಥಕ್ಕೆ ಹೊಂದುವುದಿಲ್ಲವೆಂದು ಚರ್ಚೇ 2014ರ ಲೇಖನದಲ್ಲಿ ಒಪ್ಪಿ, ಅನುವಾದ ಎಂಬ ಪದಕ್ಕೆ ಬೇರೆ ವಿವರಣೆಗಳನ್ನು ಮುಂದಿಟ್ಟಿತು. ಆ ಲೇಖನವನ್ನು ಓದುವಾಗ ಗ್ರಂಥದ ಮೊದಲ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.